ಇಪ್ಪತ್ತನಾಲ್ಕನೇ ನಂಬರು

ಮೊದಲ ದಿನವೇ ಕೊಟ್ಟಿದ್ದರು ಎರಡು ಪುಟದ ಹಾಳೆ:
ನಡತೆ, ಮರ್ಯಾದೆ, ಪರರ ಶ್ರಮವನ್ನು ತನ್ನದೆನ್ನದಿರುವುದು,
ಕೆಳಗೆ ಸಹಿಗೊಂದು ಚುಕ್ಕಿಚುಕ್ಕಿಯ ಗೆರೆ.
ಓದಲಿಲ್ಲ ಯಾರೂ.
ಗೌಸಿಯಾಳ ಬೆನ್ನನ್ನೇ ಡೆಸ್ಕು ಮಾಡಿಕೊಂಡು ನಾನು ಬರೆದೆ,
ನನ್ನ ಬೆನ್ನ ಮೇಲೆ ಅವಳು.
ಪೆನ್ನಿನ ಮೊನೆಗೆ ಕಚಗುಳಿಯಾಗಿ ನಾನು ಅಲುಗಿ
ಅವಳ ಹೆಸರಿನ ಬಾಲ ಗೆರೆ ದಾಟಿ ಹೋಯಿತು.

ತೋಳಹುಣಸೆಯ ಬಸ್ಸು ಎಂಟೂಮುಕ್ಕಾಲಿಗೆ.
ಅವಳು ಭಟ್ಟಿ ಮುಗಿಸಿ ಬರಬೇಕು.
ರಾತ್ರಿ ಮೂರಕ್ಕೇ ಉರಿ ಹಾಕುತ್ತಾರೆ, ಮರಳು ಕಾಯುತ್ತದೆ,
ಅಕ್ಕಿ ಸಿಡಿದು ಅರಳುತ್ತದೆ,
ಅವಳು ಚೀಲದ ಬಾಯಿ ಹೊಲಿಯುತ್ತಾಳೆ
ಸೆಮಿನಾರಿನ ಟಿಪ್ಪಣಿ ತೊಡೆಯ ಮೇಲಿಟ್ಟುಕೊಂಡು.
ಕ್ಲಾಸಿನಲ್ಲಿ ಅವಳ ದುಪಟ್ಟಾಕ್ಕೆ ಹೊಟ್ಟಿನ ಹೊಗೆಯ ವಾಸನೆ.

ಮಾರ್ಚಿಗೆ ಅವಳ ಹಾಜರಿ ಎಪ್ಪತ್ತನಾಲ್ಕು.
ಬೇಕಾದದ್ದು ಎಪ್ಪತ್ತೈದು.
ಒಂದು ಅಂದರೆ ಎಷ್ಟು ಮಹಾ?
ಒಂದು ‘ಎಸ್ ಸರ್’.

ಹಾಲಸ್ವಾಮಿ ಸರ್ ತಲೆ ಎತ್ತದೆ ನಂಬರು ಕರೆಯುತ್ತಾರೆ.
ಸಂಖ್ಯಾಶಾಸ್ತ್ರದವರಿಗೆ ಹೆಸರ್ಯಾಕೆ ಅಂತ ನಮ್ಮ ಜೋಕು.
ಇಪ್ಪತ್ಮೂರಕ್ಕೆ ನನ್ನ ದನಿಯಲ್ಲೇ ಅಂದೆ.
ಇಪ್ಪತ್ನಾಲ್ಕಕ್ಕೆ ಮೂಗಿನಿಂದ, ಒಂಚೂರು ತೆಳ್ಳಗೆ.

ಬಾಗಿಲಲ್ಲಿ ಅವಳು ನಿಂತಿದ್ದಳು.
ಏದುಸಿರು, ಒಂದು ಕೈ ಚೌಕಟ್ಟಿನ ಮೇಲೆ.
ತಾನಿನ್ನೂ ಒಳಗೆ ಕಾಲಿಡುವ ಮೊದಲೇ
ತನ್ನ ನಂಬರು ಓಗೊಟ್ಟಿದ್ದನ್ನು ಕೇಳಿಸಿಕೊಂಡ ಮುಖ
ಹೇಗಿತ್ತೆಂದು ಹೇಳಲು ನನಗೆ ಬಾರದು.

‘ಬಂದೆಯೇನಮ್ಮ? ಹಾಜರಿ ಆಗ್ಲೇ ಬಿದ್ದೈತಲ್ಲ’
ಅಂದರು ಸರ್. ಕೊಂಕೋ, ಕನಿಕರವೋ, ಈಗಲೂ ಗೊತ್ತಿಲ್ಲ.
ಸುಮ್ಮನೆ ಬಂದು ಕೂತಿದ್ದರೆ ಮುಗಿಯುತ್ತಿತ್ತು.
ಕೂರೇ, ಕೂರೇ ಎಂದು ಬೆಂಚಿನಡಿ ನನ್ನ ಕಾಲು ಕುಣಿಯುತ್ತಿತ್ತು.
‘ಕರೆದಾಗ ನಾನಿರ್ಲಿಲ್ಲ ಸರ್. ಹೊಡೆದ್ ಹಾಕ್ರಿ.’

ಸಂಜೆ ಬಸ್ಸಿಳಿದು ಜಗಳವಾಡಿದೆ.
ನಿನಗೋಸ್ಕರ ಅಲ್ವೇನೇ, ಸೊಕ್ಕು ನಿಂಗೆ, ಎಂದೆಲ್ಲ.
ಅವಳು ಮಾತಿಲ್ಲದೆ ಭಟ್ಟಿಗೆ ಕರೆದೊಯ್ದಳು.
ಅಲ್ಲಿ ಅವಳಮ್ಮ ಯಾರಿಗೋ ಮಂಡಕ್ಕಿ ಅಳೆಯುತ್ತಿದ್ದಳು.
‘ಇದು ಬರೀ ಗಾಳಿ ಕಣೆ. ತೂಕಕ್ಕೆ ಸಿಗಲ್ಲ, ಅಳತೆಗೇ ಸಿಗೋದು.
ಹೆಬ್ಬೆರಳು ಸೇರಿನೊಳಗೆ ಇಟ್ರೆ ಸಾಕು,
ವಾರಕ್ಕೊಂದು ಚೀಲ ಉಳೀತೈತೆ. ಯಾರಿಗೂ ತಿಳಿಯಲ್ಲ.
ಅಮ್ಮಿ ಬೆರಳು ನೋಡು.’
ಸುಟ್ಟು ಕಪ್ಪಾದ ಹೆಬ್ಬೆರಳು
ಸೇರಿನ ಹೊರಮೈಗೆ ಅಂಟಿಕೊಂಡಿತ್ತು.
ಅವಳು ಬೇರೇನೂ ಅನ್ನಲಿಲ್ಲ, ಒಂದು ಹಿಡಿ ಕೊಟ್ಟಳು.
ಬಿಸಿ ಇತ್ತು. ನುಂಗಲಾಗಲಿಲ್ಲ.

ಮರುದಿನ ಸರ್ ಕೋಣೆಗೆ ಹೋದೆ.
‘ಎಷ್ಟು ಸಲ ಕೂಗಿದ್ದೀಯ?’
ಎರಡು, ಅಂದೆ.
ಮೆಟ್ಟಿಲಿಳಿದು ನಲ್ಲಿಯವರೆಗೆ ಹೋಗಿ ನೀರು ಕುಡಿದು
ತಿರುಗಿ ಮೆಟ್ಟಿಲು ಹತ್ತಿದೆ.
ಐದು, ಸರ್.
ಅವರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು
ಅವಳ ಸಾಲಿನಲ್ಲಿ ಒಂದೊಂದೇ ಗುರುತು ಅಳಿಸತೊಡಗಿದರು.
ಆಗ ಹೊಳೆಯಿತು ನನಗೆ:
ನಾನು ನಿಜ ಹೇಳುತ್ತಿದ್ದದ್ದು ಅವಳ ಖರ್ಚಿನಲ್ಲಿ.

ಓಡಿಹೋಗಿ ಅವಳಿಗೆ ಹೇಳಿದೆ.
‘ಗೊತ್ತಿತ್ತು ಬಿಡು’ ಅಂದಳು.
ಭಟ್ಟಿಯ ಗೋಡೆ ಮೇಲೆ, ಮಸಿಯಲ್ಲಿ,
ತಾನು ನಿಜವಾಗಿ ಬಂದ ದಿನಗಳ ಗೀಟು ಹಾಕಿದ್ದಳು.
ನನ್ನ ಐದು ಅಲ್ಲಿ ಎಂದೂ ಇರಲಿಲ್ಲ.

ಹಾಳೆಯನ್ನು ಈಗ ಓದಿದ್ದೇನೆ, ಎರಡೂ ಪುಟ.
ಇನ್ನೊಬ್ಬರ ಪರವಾಗಿ ಹಾಜರಿ ಹೇಳಬಾರದೆಂದು ಸ್ಪಷ್ಟವಾಗಿದೆ.
ಹೇಳಿದ ಮೇಲೆ ಅವಳಿಗೆ ಏನು ಕೊಡಬೇಕೆಂದು
ಎಲ್ಲೂ ಬರೆದಿಲ್ಲ.

ಅವಳು ಮುಂದಿನ ವರ್ಷ ಪರೀಕ್ಷೆಗೆ ಕೂರುತ್ತಾಳಂತೆ.
ಸರ್ ಇನ್ನೂ ತಲೆ ಎತ್ತದೆಯೇ ಕರೆಯುತ್ತಾರೆ.
ಇಪ್ಪತ್ಮೂರು.
ಎಸ್ ಸರ್.
ಆಮೇಲೆ ಒಂದು ಉಸಿರಿನಷ್ಟು ನಿಲ್ಲುತ್ತಾರೆ,
ಇಪ್ಪತ್ತೈದು ಅನ್ನುವ ಮೊದಲು.
ಆಗ ನನ್ನ ಹೆಬ್ಬೆರಳು
ಡೆಸ್ಕಿನ ಹೊರ ಅಂಚನ್ನು ಹಿಡಿದಿರುತ್ತದೆ.