ಮಾವನಿಗೆ ಹೊಳೆ ತೋರಿಸಿದ್ದು

ಐತಪ್ಪ ಮಾವ ಮುಂದಿನ ಸೀಟಿನಲ್ಲಿ ಕೂತು
ಬೆಲ್ಟನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು
'ಹೋಗುವ' ಅಂದರು.
ಮೇ ತಿಂಗಳು. ಹೊಸಂಗಡಿಯಲ್ಲಿ ಬೆಳಗಿನ ಏಳಕ್ಕೇ ಸೆಕೆ.
ಸೆಕೆಂಡ್ ಹ್ಯಾಂಡ್ ಕಾರು, ನಲವತ್ತಮೂರಕ್ಕೆ ಕಲಿತವಳು ನಾನು,
ರಿವರ್ಸ್ ಇನ್ನೂ ಕೈಗೆ ಹತ್ತಿಲ್ಲ.
ತಿರುಗಿಸಲು ಜಾಗ ಇರುವಲ್ಲಿ ಮಾತ್ರ ನಿಲ್ಲಿಸುವುದೆಂದು
ಮೊದಲೇ ಕರಾರು.

ಮೂವತ್ತೊಂದು ವರ್ಷ ಮಾವ ಒಂದೇ ಹೊಳೆಯ ಎತ್ತರ ಬರೆದವರು.
ಅಡೂರಿನಾಚೆ ಪಯಸ್ವಿನಿಯ ದಂಡೆಗೆ ನೆಟ್ಟ ಅಳತೆಯ ಕಂಬ,
ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ
ನೀಲಿ ಶಾಯಿಯಲ್ಲಿ ಮೀಟರು, ದಶಾಂಶ.
ನಡುವೆ ಎಷ್ಟು ದೂರ ಹೋಗಿ ಬರಬಹುದೋ
ಅಷ್ಟೇ ಅವರ ಪ್ರಪಂಚ.
ಜಿಲ್ಲೆಯ ಉಳಿದ ಹೊಳೆಗಳೆಲ್ಲ
ಮದುವೆ ಕಾಗದದಲ್ಲಿ ಹೆಸರು ಓದಿ ಗೊತ್ತಿರುವ ನೆಂಟರು.

ಹೆದ್ದಾರಿಯಲ್ಲಿ ಹೊಳೆ ಕಾಣುವುದಿಲ್ಲ.
ಹೊಸ ಸಂಕ, ಎದೆಮಟ್ಟದ ಕಾಂಕ್ರೀಟು ಗೋಡೆ.
'ಉಪ್ಪಳ ಹೊಳೆ' ಎಂದು ಮಾವ ಬೋರ್ಡು ಓದಿ
(ಮೊದಲು ಮಲೆಯಾಳದಲ್ಲಿ, ಆಮೇಲೆ ಕನ್ನಡದಲ್ಲಿ,
ಎರಡನ್ನೂ ಓದದೆ ಬಿಡುವವರಲ್ಲ)
ತಲೆ ಎತ್ತುವಷ್ಟರಲ್ಲಿ ಹೊಳೆ ಮುಗಿದಿತ್ತು.
'ಇದು ಲೆಕ್ಕಕ್ಕಿಲ್ಲ' ಅಂದರು.

ಅಲ್ಲಿಂದ ಒಳದಾರಿ.
ಮುಳ್ಳು ಇಪ್ಪತ್ತೈದರ ಮೇಲೆ ಏರಲಿಲ್ಲ.
ಮುರಕಲ್ಲಿನ ಗುಡ್ಡೆ ಸೀಳಿದ ಕೆಂಪು ದಾರಿ,
ಗೇರುಹಣ್ಣು ಕೊಳೆತ ಹುಳಿಸಿಹಿ,
ಗಲ್ಫಿನ ದುಡ್ಡಿನ ಗುಲಾಬಿ ಮನೆ, ಅದರ ಗೇಟಿಗೆ ಒಣಹಾಕಿದ ಚಾಪೆ.
ಮದ್ರಸ ಬಿಟ್ಟ ಮಕ್ಕಳು ನಮ್ಮನ್ನು ಹಿಂದೆ ಹಾಕಿ
ತಿರುಗಿ ನೋಡಿ ನಕ್ಕರು.

ಶಿರಿಯದಲ್ಲಿ ಸೊಂಟಮಟ್ಟ ನೀರಿನಲ್ಲಿ ಹೆಂಗಸರು
ಕಾಲಿನಿಂದಲೇ ಮರುವಾಯಿ ಹುಡುಕುತ್ತಿದ್ದರು,
ಕತ್ತಲೆಯಲ್ಲಿ ಚಪ್ಪಲಿ ಹುಡುಕುವ ಹಾಗೆ.
'ಸೊಂಟ ಅಂದರೆ ಸೊನ್ನೆ ಪಾಯಿಂಟ್ ಒಂಬತ್ತು' ಅಂದರು ಮಾವ.
'ಯಾರ ಸೊಂಟ?' ಅಂತ ಸೀತಕ್ಕ ನೀರಿನಿಂದಲೇ ಕೇಳಿದಳು.
ಮಾವ ಕಾರಿಗೆ ಬಂದು ಕೂತರು.

ಕುಂಬಳೆಯಲ್ಲಿ ಪುನರ್ಪುಳಿ ಶರಬತ್ತು, ತಲಾ ಎರಡು ಗ್ಲಾಸು.
ಮೊಗ್ರಾಲಿನ ಮರಳಿನಲ್ಲಿ ಫುಟ್‌ಬಾಲು,
ಹೊಳೆಯೇ ಒಂದು ಬದಿಯ ಗೆರೆ.
ಚೆಂಡು ನೀರಿಗೆ ಬಿದ್ದಾಗೆಲ್ಲ ಗೋಲಿ ಹಾರಿ ಈಜಿ ತಂದ.
ಮಾವ ಯಾವ ಅಂಕೆಯನ್ನೂ ಹೇಳಲಿಲ್ಲ.
ಅರ್ಧ ಗಂಟೆ, ಯಾರು ಗೆದ್ದರೆಂದೂ ಕೇಳದೆ,
ಒದ್ದೆ ಹುಡುಗನನ್ನೇ ನೋಡಿದರು.

ತಳಂಗರೆಗೆ ತಲುಪುವಾಗ ಹೊತ್ತು ಇಳಿದಿತ್ತು.
ಓಣಿ ಕಿರಿದಾಗುತ್ತ ಕಿರಿದಾಗುತ್ತ ದಂಡೆಯಲ್ಲಿ ನಿಂತಿತು;
ನಾನು ಕರಾರು ಮರೆತಿದ್ದೆ.
ಎದುರಿಗೆ ಚಂದ್ರಗಿರಿ ಹೊಳೆ, ಆಚೆ ದಡದ ತೆಂಗು ಗರಿಕೆಯಷ್ಟು.
'ಮಾವ, ಇದು ನಿಮ್ಮದೇ.
ಅಡೂರಿನಿಂದ ಇಳಿದು ಬಂದದ್ದು.'

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ
ಲೆಕ್ಕದಲ್ಲಿ ಏನೋ ತಪ್ಪು ಕಂಡವರ ಹಾಗೆ, ಮೆಲ್ಲಗೆ:
'ಇಷ್ಟು ನೀರು ನಾನು ಬರೆದಿಲ್ಲ.'

ಮೊನ್ನೆ ತಾನೇ ನೋಡಿ ಬಂದಿದ್ದರು,
ಅಲ್ಲಿ ಮರಳಿನ ಕಟ್ಟದ ಹಿಂದೆ ಒಂದು ಮೊಣಕಾಲು ನೀರು,
ಎಮ್ಮೆಯ ಬೆನ್ನು ಕೂಡ ಮುಳುಗದು.

ಬಲೆ ಹೊಲಿಯುತ್ತಿದ್ದ ಅಂದುಞಿ ಸೂಜಿ ನಿಲ್ಲಿಸದೆ ಹೇಳಿದ:
'ಇದು ಇಳಿಯುವ ನೀರಲ್ಲ ಕಾಕಾ. ಭರತ.
ಈ ಬೇಸಗೆಗೆ ಸಮುದ್ರವೇ ಮೇಲೆ ನಡೆಯುವುದು.'

ಐದು ಗಂಟೆ. ಗಡಿಯಾರ ನೋಡದೆಯೇ ಮಾವ ಎದ್ದರು.
ಒಂದು ಒಣ ಕಡ್ಡಿ ಹುಡುಕಿ, ಉಗುರಿನಿಂದ ಗೀರು ಹಾಕಿ
ಕೆಸರಿನ ಅಂಚಿಗೆ ಊರಿದರು.
ಕುಕ್ಕರಗಾಲಿನಲ್ಲಿ ಕಾದರು.
ಗೀರು ಮುಳುಗಿತು. ಮತ್ತೊಂದು ಗೀರು. ಅದೂ.
ಬರೆಯಲು ಪುಸ್ತಕ ಇರಲಿಲ್ಲ, ಕೇಳಲೂ ಇಲ್ಲ.

ತಿರುಗಿಸಲು ಜಾಗವಿಲ್ಲ.
'ನಾನು ನಿಲ್ಲುತ್ತೇನೆ, ನೀನು ಹಿಂದೆ ತೆಗೆ.'
ಕನ್ನಡಿಯಲ್ಲಿ ಅವರು ಓಣಿಯ ತುದಿಯಲ್ಲಿ, ಪಂಚೆ ಎತ್ತಿ ಕಟ್ಟಿ;
ಗಾಜಿನ ಎದುರಿಗೆ, ಕಾರಿನ ಮೂತಿಯಿಂದ ನಾಲ್ಕು ಮಾರು, ಹೊಳೆ.
ನಾನು ಹಿಂದೆ ಹಿಂದೆ ಸರಿದಂತೆ
ಅದೂ ನನ್ನ ಜತೆಗೇ ಒಳಗೆ ಬರುತ್ತಿದ್ದ ಹಾಗೆ ಕಂಡಿತು.
ಡಿಕ್ಕಿಯ ಮೇಲೆ ಅಂಗೈ ತಟ್ಟುತ್ತ,
ಯಾರಿಗೆ ಹೇಳಿದರೋ,
ಮಾವ ಕೂಗುತ್ತಲೇ ಇದ್ದರು:
'ಬರಲಿ... ಬರಲಿ... ಇನ್ನೂ ಬರಲಿ...'