ಕೆಂಪು ಗುಂಡಿ

ಮೊದಲು ಪ್ಲಗ್ ಕೀಳು, ರಮ್ಜಿ.
ಬೆರಳು ಎಣಿಸಿಕೊ. ಹತ್ತಿವೆಯಾ?
ಸಂಜೆ ಮನೆಗೆ ಹೋಗುವಾಗಲೂ ಹತ್ತೇ ಇರಬೇಕು.
ಈಗ ಸಿಂಕಿನ ಕೆಳಗೆ ಅಂಗಾತ ಮಲಗು,
ಟಾರ್ಚು ಹಲ್ಲಲ್ಲಿ ಕಚ್ಚಿಕೊ.
ನನ್ನ ಬೆನ್ನು ಇನ್ನು ಬಗ್ಗದು;
ಐದು ಗಂಟೆಗೆ ಈ ಬೀಗದ ಕೈ ಗೊಂಚಲು
ನಿನ್ನ ಸೊಂಟಕ್ಕೆ.

ಒಳಗೆ ಕತ್ತಿಗಳಿವೆ ಅಂತ ಊರೆಲ್ಲ ನಂಬಿದೆ.
ಇಲ್ಲ. ತಿರುಗುವ ಒಂದು ತಟ್ಟೆ,
ಅದರ ಮೇಲೆ ಎರಡು ಮೊಂಡು ಕಬ್ಬಿಣದ ತುಂಡು,
ಸುತ್ತ ಹಲ್ಲು ಹಲ್ಲಿನ ಬಳೆ.
ಕೊಯ್ಯುವುದಲ್ಲ ಇದು, ಅರೆಯುವುದು.
ಎಸೆದು, ಗೋಡೆಗೆ ಉಜ್ಜಿ,
ನುಣ್ಣಗಾಗುವ ತನಕ ಬಿಡದೆ.
ಹಾಗಾಗಿ ನಾರು ಕಂಡರೆ ಇದಕ್ಕೆ ಆಗದು.
ಎರಡನೇ ಮಹಡಿಯ ಗ್ಲಿನ್ಸ್ಕಿ
ತೂಕ ಇಳಿಸುತ್ತೇನೆಂದು ಒಂದು ಕಟ್ಟು ಸೆಲರಿ ಹಾಕಿದ.
ಹಗ್ಗ ಹೊಸೆದಂತೆ ಹೊಸೆದಿಟ್ಟಿತ್ತು.
ಅವನ ತೂಕ ಹಾಗೇ ಇದೆ.

ನೀರು ತಣ್ಣಗಿರಲಿ.
ಬಿಸಿನೀರು ಬಿಟ್ಟು ಉಪಕಾರ ಮಾಡಿದೆವೆಂದುಕೊಳ್ಳುತ್ತಾರೆ;
ಕೊಬ್ಬು ಕರಗಿ ನಗುನಗುತ್ತ ಇಳಿದು
ಪೈಪಿನ ಮೊಣಕೈ ಹತ್ತಿರ ಕಲ್ಲಾಗಿ ಕೂರುತ್ತದೆ.
ಮೊದಲು ನೀರು, ಆಮೇಲೆ ಸ್ವಿಚ್ಚು, ಆಮೇಲೆ ಎಂಜಲು,
ಅದೂ ತುತ್ತು ತುತ್ತಾಗಿ.
ಸದ್ದು ತೆಳುವಾದ ಮೇಲೂ ಇಪ್ಪತ್ತರ ತನಕ ಎಣಿಸು.
ಡಿಸೆಂಬರ್ ಇಪ್ಪತ್ತನಾಲ್ಕರ ರಾತ್ರಿ ಯಾರೂ ಎಣಿಸುವುದಿಲ್ಲ:
ನಲವತ್ತು ಮನೆಯ ಪಿಯೆರೋಗಿ, ನಲವತ್ತು ಮನೆಯ ಆಲೂಗಡ್ಡೆ ಸಿಪ್ಪೆ,
ಅಂಟು ಅಂಟು ಗಂಜಿಯಾಗಿ
ನೆಲಮಾಳಿಗೆಯಲ್ಲಿ ಮೇಲೆದ್ದು ಬರುತ್ತದೆ.
ಮೂವತ್ತೊಂದು ಹಬ್ಬ ನಾನು ಅಲ್ಲೇ ಮಾಡಿದ್ದು,
ಮೊಣಕಾಲುದ್ದದ ಬೂಟು ಹಾಕಿಕೊಂಡು.

ನಾಥ ಬಂದರೆ ಯಂತ್ರವನ್ನು ಬೈಯಬೇಡ.
ಬಾಯಿಯ ಈ ರಬ್ಬರು ತುಟಿ ಎತ್ತಿ ನೋಡು,
ಅಡಿಯಲ್ಲಿ ಕಪ್ಪು ಲೋಳೆ.
ಹಳೆಯ ಹಲ್ಲುಜ್ಜುವ ಬ್ರಶ್ಶು ಸಾಕು.

ಏನೇನು ಸಿಗುತ್ತದೆ ಅಂತೀಯ?
ಟೊಲೀಡೊ ಗಾಜಿನ ಊರು, ಗಾಜಿನ ಚೂರೇ ಹೆಚ್ಚು.
ಚಮಚ. ಚೆಸ್ಸಿನ ಕುದುರೆ.
ಒಮ್ಮೆ ಒಂದು ಮದುವೆಯುಂಗುರ;
ಒಯ್ದು ಕೊಟ್ಟರೆ ಆಕೆ
ಬಾಗಿಲನ್ನು ಅರ್ಧ ಮುಚ್ಚಿ,
ಬಿದ್ದದ್ದಲ್ಲ ಅದು, ಎಂದಳು.

ಮೆಲ್ಲಗೆ ಮಾತಾಡು, ಸೊಬಿಕ್ ಅಮ್ಮ ಪಕ್ಕದ ಕೋಣೆಯಲ್ಲಿದ್ದಾಳೆ,
ಎರಡೂ ಕಿವಿಗೆ ಕೈ ಮುಚ್ಚಿಕೊಂಡು.
ಹದಿನಾಲ್ಕು ವರ್ಷದ ಹಿಂದೆ ನಾನೇ ಕೂರಿಸಿದ್ದು ಇದನ್ನು.
ಅದರ ಗರ್ಜನೆಗೆ ಬೆದರಿ ಆಕೆ
ಒಂದು ದಿನವೂ ಸ್ವಿಚ್ಚು ಮುಟ್ಟಲಿಲ್ಲ.
ಎಂಜಲೆಲ್ಲ ಪೇಪರಿನಲ್ಲಿ ಸುತ್ತಿ ಕೆಳಗೆ ಒಯ್ಯುತ್ತಾಳೆ, ನಾಲ್ಕು ಮಹಡಿ.
ಹೊರಮೈ ನೋಡು, ಮುಖ ಕಾಣುವಷ್ಟು ಒರೆಸಿಟ್ಟಿದ್ದಾಳೆ.
ಜೋಪಾನ ಮಾಡಿದ್ದೇನೆ ಗೋರ್ಸ್ಕಿ, ನಿಮ್ಮದು ಹೊಸದರಂತಿದೆ, ಎಂದಳು.
ನಾನು ಹೂಂ ಅಂದೆ.
ಒಳಗೆ ತುಕ್ಕು ತಟ್ಟೆಯನ್ನೂ ಬಳೆಯನ್ನೂ ಬೆಸೆದುಬಿಟ್ಟಿದೆ.

ಅಡಿಯಲ್ಲಿ, ನಟ್ಟನಡುವೆ, ಆರು ಮೂಲೆಯ ತೂತಿದೆ.
ಕೀಲಿ ಹಾಕು. ಬಲಕ್ಕೆ. ಬರದಿದ್ದರೆ ಎಡಕ್ಕೆ.
ಸಿಟ್ಟು ಬೇಡ, ಕೂದಲೆಳೆಯಷ್ಟು ಸಾಕು,
ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ.
ಹಾಂ, ಕಿರ್ ಅಂದಿತಲ್ಲ?
ತಡೆ, ಈಗಲೇ ಬೀಗಬೇಡ.
ಇನ್ನೂ ಸ್ವಲ್ಪ. ಈಗ ಪೂರ್ತಿ ಸುತ್ತು.
ಆ ಕೆಂಪು ಗುಂಡಿ ಒಳಕ್ಕೆ ಒತ್ತು. ಟಕ್.
ಏಳು, ಪ್ಲಗ್ ಹಾಕು, ನಲ್ಲಿ ತಿರುಗಿಸು.

ಕೇಳಿದೆಯಾ.

ವಾರಕ್ಕೆರಡು ಸಲವಾದರೂ ಓಡಿಸಬೇಕಮ್ಮ,
ಹಾಕಲು ಏನೂ ಇಲ್ಲದಿದ್ದರೆ ಒಂದಿಷ್ಟು ಐಸು, ಹರಳುಪ್ಪು,
ನಿಂಬೆಯ ಸಿಪ್ಪೆ.
ನೋಡು, ಬರುತ್ತಿದ್ದಾಳೆ,
ನೆಂಟರಿಗೆ ತರುವ ಹಾಗೆ, ಅಂಚಿಗೆ ಹೂವಿರುವ ತಟ್ಟೆಯಲ್ಲಿ
ಐಸಿನ ನಾಲ್ಕು ತುಂಡು.
ದಾರಿ ಬಿಡು, ಅವಳೇ ಹಾಕಲಿ.
ಒಂದು. ಕಣ್ಣು ಮುಚ್ಚಿದಳು.
ಎರಡು. ಮೂರಕ್ಕೆ ಒಂದೇ ಕಣ್ಣು.

ನಾಳೆ ಏನು ಹಾಕಲಿ, ಅಂತ ಕೇಳುತ್ತಿದ್ದಾಳೆ.
ನೀನು ಹೇಳು, ರಮ್ಜಿ.
ನಾಳೆ ನಾನಿರುವುದಿಲ್ಲ.