ಚೂರು

ನಾನಾ ಪೇಠೆಯ ಸಂದಿಯಲ್ಲಿ ಇರಸಂಗಪ್ಪನ ಅಂಗಡಿ.
ಲಾರಿಗೆ ‘ಆಯೀಚಾ ಆಶೀರ್ವಾದ’, ಬೈಕಿಗೆ ನಂಬರು,
ಹುಲಿಯ ಕಣ್ಣು, ಜೋಡಿ ನಿಂಬೆಹಣ್ಣು,
ಎಲ್ಲ ರೇಡಿಯಂ, ಎಲ್ಲ ಬ್ಲೇಡಿನ ತುದಿಯಿಂದ.

ಕೇತಕಿ ಅನ್ನೋ ಹುಡುಗಿ ಚೀಟಿ ಚಾಚಿದಳು:
ಇದು ಲಿಫ್ಟಿಗೆ, ಇದು ಬಾಗಿಲಿಗೆ, ಇದು ಕನ್ನಡಿಗೆ,
ಪ್ರದರ್ಶನ ಇದೆ ಕಾಕಾ, ಸಣ್ಣ ಅಕ್ಷರ ಸಾಕು.

ಮರಾಠಿಯಲ್ಲಿ ಕೊರೆದ, ಕನ್ನಡದಲ್ಲಿ ಓದಿಕೊಂಡ:
ಐದನೇ ಮಾಳಿಗೆಯವರೆಗೂ ಫೋನು ನೋಡುವ ನಾಟಕ.
ನಿನ್ನ ಹೆಸರು ಮರೆತಿದ್ದೇನೆ, ಕೇಳಲು ಈಗ ತಡವಾಯಿತು.
ನಕ್ಕೆ. ಜೋಕು ಕೇಳಿಸಿರಲಿಲ್ಲ.

ಇಷ್ಟಕ್ಕೆ ದುಡ್ಡು ಕೊಡ್ತಾರಾ ಜನ?
ಅಂದುಕೊಂಡ, ಅನ್ನಲಿಲ್ಲ.
ಮೂರಕ್ಕೆ ಮುನ್ನೂರು ಎಂದ.

ಅವಳು ಹೋದ ಮೇಲೆ ಹಾಳೆಯ ತುಂಬ
ಅಕ್ಷರದಾಕಾರದ ತೂತು,
ಮೂಲೆಯಲ್ಲಿ ಅಂಗೈ ಅಗಲದ ಹಳದಿ ಚೂರು.
ಹದಿನೆಂಟು ವರ್ಷ ಕೊರೆಯದ ಲಿಪಿ.
ಒತ್ತಕ್ಷರದ ಬಾಗಿಗೆ ಬಂದಾಗ
ಕೈ ಸ್ವಲ್ಪ ತಡವರಿಸಿತು.

ಶಟರಿನ ಒಳಮೈಗೆ ಅಂಟಿಸಿದ್ದಾನೆ.
ಹಗಲೆಲ್ಲ ಸುರುಳಿ ಸುತ್ತಿಕೊಂಡು ತಲೆಯ ಮೇಲಿರುತ್ತದೆ.
ರಾತ್ರಿ ಒಳಗಿನಿಂದ ಎಳೆದುಕೊಂಡು,
ಹಾಸಿಗೆ ಹಾಸಿ, ಮೊಬೈಲಿನ ಬ್ಯಾಟರಿ ಬಿಟ್ಟರೆ
ಫಳ್ಳನೆ ಹೊಳೆಯುತ್ತದೆ:

ಚಾ ಬೇಡ ಅಂದೆನಲ್ಲ, ಬೇಕಿತ್ತು.